ಮೈಕ್ ಹಿಡಿದವರ ನಾಲಿಗೆಗೆ ಶಿಕ್ಷೆ ಬೇಕೇ?

2006ರ ಆಗಸ್ಟ್ ತಿಂಗಳು. ಕೊಲಂಬೊದಲ್ಲಿ ಶ್ರೀಲಂಕಾ ಮತ್ತು ದಕ್ಷಿಣ ಆಫ್ರಿಕಾ ನಡುವೆ ಟೆಸ್ಟ್ ಪಂದ್ಯ ನಡೆಯುತ್ತಿತ್ತು. ಕುಮಾರ ಸಂಗಕ್ಕಾರ ಹೊಡೆದ ಚೆಂಡನ್ನು ಉದ್ದ ಗಡ್ಡದ ಯುವಕನೊಬ್ಬ ಕ್ಯಾಚ್ ಹಿಡಿದ. ಹೆಸರು ಹಾಶಿಂ ಆಮ್ಲಾ, ಆಗ ಅವನ ವಯಸ್ಸು 23. ಟೆನ್ ಸ್ಪೋರ್ಟ್ಸ್ ವಾಹಿನಿಯ ಕಾಮೆಂಟರಿ ಕೋಣೆಯಲ್ಲಿ ಆಸ್ಟ್ರೇಲಿಯಾದ ಮಾಜಿ ಆಟಗಾರ ಡೀನ್ ಜೋನ್ಸ್ ಕುಳಿತಿದ್ದರು. ಆ ಭಯೋತ್ಪಾದಕನಿಗೆ ಇನ್ನೊಂದು ವಿಕೆಟ್ ಸಿಕ್ಕಿತು ಎಂಬ ಅರ್ಥದ ಮಾತು ಅವರ ಬಾಯಿಂದ ಬಂತು.

ಜೋನ್ಸ್ ತಮ್ಮ ಮಾತು ಯಾರಿಗೂ ಕೇಳಿಸುವುದಿಲ್ಲ ಎಂದುಕೊಂಡಿದ್ದರು. ಜಾಹೀರಾತಿನ ಬಿಡುವು ಶುರುವಾಗಿತ್ತು. ಆದರೆ ಒಂದೇ ಪ್ರಸಾರವನ್ನು ಹಲವು ದೇಶಗಳು ಹಂಚಿಕೊಳ್ಳುವಾಗ ಎಲ್ಲರೂ ಒಂದೇ ಕ್ಷಣಕ್ಕೆ ಜಾಹೀರಾತಿಗೆ ಹೋಗುವುದಿಲ್ಲ. ಆಮ್ಲಾ ಅವರ ಸ್ವಂತ ದೇಶದಲ್ಲಿ ಧ್ವನಿ ಇನ್ನೂ ಹರಿಯುತ್ತಿತ್ತು. ಅಲ್ಲಿನ ಮನೆಗಳಲ್ಲಿ ಜನ ಅದನ್ನು ಕೇಳಿಸಿಕೊಂಡರು, ಫೋನುಗಳು ಹೋದವು. ದುಬೈ ಕೇಂದ್ರಿತ ಆ ವಾಹಿನಿ ಜೋನ್ಸ್ ಅವರನ್ನು ಕೂಡಲೇ ಕೆಲಸದಿಂದ ತೆಗೆಯಿತು. ಜೋನ್ಸ್ ಕ್ಷಮೆ ಕೇಳಿ ಊರಿಗೆ ಹೊರಟರು. ಆಮ್ಲಾ ಆ ಕ್ಷಮೆಯನ್ನು ಒಪ್ಪಿಕೊಂಡರು. ಟೆಸ್ಟ್ ಮುಂದುವರಿಯಿತು.

ಆ ಸುದ್ದಿ ಬಂದ ದಿನ ನಾನು ಮುಂಬಯಿಯಲ್ಲಿದ್ದೆ. ಸುಳ್ಳು ಹೇಳುವುದಿಲ್ಲ, ಖುಷಿಯಾಯಿತು. ಕೇವಲ ನಾಲ್ಕು ವಾರಗಳ ಹಿಂದೆ, ಜುಲೈ 11ರಂದು, ಈ ಊರಿನ ಲೋಕಲ್ ರೈಲುಗಳಲ್ಲಿ ಬಾಂಬ್ ಸಿಡಿದಿತ್ತು. ಗಡ್ಡ ಬಿಟ್ಟ ಹುಡುಗರು ಡಬ್ಬಿ ಹತ್ತಿದರೆ ಎದುರಿನ ಸೀಟಿನವರ ಕಣ್ಣು ಅವರ ಚೀಲದ ಮೇಲೆ ಹೋಗುತ್ತಿದ್ದ ಕಾಲ ಅದು. ಆ ಕಣ್ಣಿನಲ್ಲಿದ್ದುದನ್ನೇ ಜೋನ್ಸ್ ಬಾಯಿ ಬಿಟ್ಟು ಹೇಳಿದ್ದರು. ಒಬ್ಬ ದೊಡ್ಡ ಮನುಷ್ಯನಿಗೆ ಅದಕ್ಕಾಗಿ ಕೆಲಸ ಹೋಯಿತಲ್ಲ ಎಂಬ ಸಮಾಧಾನ ನನ್ನಂತೆ ಬಹಳ ಜನರಿಗೆ ಆಗಿರಬೇಕು.

ಇಷ್ಟು ವರ್ಷಗಳ ಮೇಲೆ ಆ ಪ್ರಶ್ನೆಯನ್ನು ಮತ್ತೆ ಎತ್ತುತ್ತಿದ್ದೇನೆ. ಆಟದ ಕಾಮೆಂಟರಿ ಹೇಳುವವರ ಬಾಯಿಂದ ನೋವಾಗುವ ಮಾತು ಬಂದರೆ ಶಿಕ್ಷೆ ಕೊಡಬೇಕೇ? ಕೊಡುವುದಾದರೆ ಯಾರು, ಎಷ್ಟು? ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಮಾಧ್ಯಮದ ಕೆಲಸಕ್ಕೆ ಹೋಗುವವರು. ಉಳಿದವರು ಸಂಜೆಯಾದರೆ ಟಿವಿ ಮುಂದೆ ಕೂರುವವರು. ಇಬ್ಬರಿಗೂ ಇದು ಬೇಕಾದ ವಿಷಯ.

ಮೊದಲು "ಮೈಕ್ ಬಂದ್ ಆಗಿತ್ತು" ಎಂಬ ಸಬೂಬನ್ನು ನೋಡೋಣ. ಇದು ಜೋನ್ಸ್ ಒಬ್ಬರದ್ದಲ್ಲ. 2004ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಐಟಿವಿ ವಾಹಿನಿಯಲ್ಲಿ ರಾನ್ ಅಟ್ಕಿನ್ಸನ್ ಎಂಬ ಫುಟ್‌ಬಾಲ್ ಪಂಡಿತರು, ಮೊನಾಕೊ ಮತ್ತು ಚೆಲ್ಸಿ ನಡುವಿನ ಪಂದ್ಯ ಮುಗಿದ ಮೇಲೆ, ಮಾರ್ಸೆಲ್ ದೆಸಾಯಿ ಎಂಬ ಕಪ್ಪು ಆಟಗಾರನನ್ನು ಬಾಯಿಗೆ ಬಂದಂತೆ ಬೈದರು. ಬ್ರಿಟನ್ನಿನಲ್ಲಿ ಪ್ರಸಾರ ಮುಗಿದಿತ್ತು, ಅಲ್ಲಿ ಯಾರಿಗೂ ಕೇಳಿಸಲಿಲ್ಲ. ಆದರೆ ದುಬೈ, ಈಜಿಪ್ಟ್ ಮೊದಲಾದ ಕಡೆ ಧ್ವನಿ ಹೋಗುತ್ತಲೇ ಇತ್ತು. ಅಟ್ಕಿನ್ಸನ್ ರಾಜೀನಾಮೆ ಕೊಟ್ಟರು, ಪತ್ರಿಕೆಯ ಅಂಕಣವೂ ಹೋಯಿತು. ವಿಚಿತ್ರವೆಂದರೆ ಇದೇ ಅಟ್ಕಿನ್ಸನ್ 1970ರ ದಶಕದ ಕೊನೆಯಲ್ಲಿ ವೆಸ್ಟ್ ಬ್ರಾಮ್ವಿಚ್ ತಂಡದ ಮ್ಯಾನೇಜರ್ ಆಗಿ ಮೂವರು ಕಪ್ಪು ಆಟಗಾರರನ್ನು ಒಟ್ಟಿಗೆ ಆಡಿಸಿ ಹೆಸರಾದವರು. ಆಗಿನ ಇಂಗ್ಲೆಂಡಿನಲ್ಲಿ ಅದು ಸಣ್ಣ ಮಾತಲ್ಲ.

ಖಾಸಗಿಯಾಗಿ ಆಡಿದ ಮಾತಿಗೆ ಶಿಕ್ಷೆಯೇ ಎಂದು ನೀವು ಕೇಳಬಹುದು. ಮನೆಯಲ್ಲಿ, ಗೆಳೆಯರ ನಡುವೆ ಆಡಿದ್ದನ್ನು ಕದ್ದು ಕೇಳಿ ಶಿಕ್ಷೆ ಕೊಟ್ಟರೆ ಯಾರೂ ಉಳಿಯುವುದಿಲ್ಲ, ಅದು ಸರಿಯೂ ಅಲ್ಲ. ಆದರೆ ಕಾಮೆಂಟರಿ ಕೋಣೆ ಮನೆಯಲ್ಲ, ಅದು ಕೆಲಸದ ಜಾಗ. ಮೈಕ್ ಯಾವಾಗಲೂ ಆನ್ ಇದೆ ಎಂದುಕೊಂಡೇ ಮಾತಾಡಬೇಕೆಂಬುದು ಆ ಕೆಲಸದ ಮೊದಲ ಪಾಠ. ಇನ್ನೊಂದು, ಮೈಕ್ ಬಂದ್ ಆಗಿದೆ ಎಂದು ತಿಳಿದು ಆಡಿದ ಮಾತು ಬಾಯಿ ಜಾರಿದ್ದಲ್ಲ. ಅದು ಆ ಕೋಣೆಯಲ್ಲಿ ದಿನವೂ ಓಡಾಡುವ ತಮಾಷೆ. ಜೋನ್ಸ್ ಪಕ್ಕದಲ್ಲಿ ಕುಳಿತವರು ಆ ಕ್ಷಣದಲ್ಲಿ ನಕ್ಕರೋ ಮೌನವಾದರೋ, ನನಗೆ ಮುಖ್ಯವೆನಿಸುವುದು ಅದು.

ಈಗ ಇದಕ್ಕೆ ಪೂರ್ತಿ ಎದುರಾದ ಇನ್ನೊಂದು ಪ್ರಸಂಗ. 2017ರ ಜನವರಿ, ಆಸ್ಟ್ರೇಲಿಯನ್ ಓಪನ್ ಟೆನಿಸ್. ಇಎಸ್‌ಪಿಎನ್‌ಗಾಗಿ ಕಾಮೆಂಟರಿ ಹೇಳುತ್ತಿದ್ದ ಡಗ್ ಆಡ್ಲರ್, ವೀನಸ್ ವಿಲಿಯಮ್ಸ್ ಎದುರಾಳಿಯ ಎರಡನೇ ಸರ್ವ್‌ಗೆ ಮುಂದೆ ನುಗ್ಗಿ ಬರುವುದನ್ನು ವರ್ಣಿಸುತ್ತ ಒಂದು ಇಂಗ್ಲಿಷ್ ಪದ ಬಳಸಿದರು. ಅದು "ಗೆರಿಲ್ಲಾ" ಎಂದರು ಅವರು. ಗೆರಿಲ್ಲಾ ಯುದ್ಧ ಅನ್ನುತ್ತೇವಲ್ಲ, ಹೊಂಚು ಹಾಕಿ ಮೇಲೆ ಬೀಳುವುದು. ಕೇಳಿದವರು ಹಲವರು "ಗೊರಿಲ್ಲಾ" ಎಂದು ಕೇಳಿಸಿಕೊಂಡರು. ಒಬ್ಬ ಕಪ್ಪು ಆಟಗಾರ್ತಿಯನ್ನು ವಾನರನಿಗೆ ಹೋಲಿಸಿದರು ಎಂದು ಗದ್ದಲವೆದ್ದಿತು. ನಮ್ಮ ಲಿಪಿಯಲ್ಲಾದರೆ ಎತ್ವವೋ ಒತ್ವವೋ ಎಂದು ಬರೆದು ತೋರಿಸಬಹುದು. ಇಂಗ್ಲಿಷ್ ಉಚ್ಚಾರಣೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಆಡ್ಲರ್ ವಿವರಣೆ ಕಟ್ಟುಕಥೆಯೂ ಅಲ್ಲ. 1990ರ ದಶಕದಲ್ಲಿ ಸಾಂಪ್ರಸ್ ಮತ್ತು ಅಗಾಸಿ ನಟಿಸಿದ ನೈಕಿಯ ಹೆಸರಾಂತ ಜಾಹೀರಾತೊಂದರಿಂದ ಆ ಮಾತು ಟೆನಿಸ್ ವಲಯದಲ್ಲಿ ಬಳಕೆಯಲ್ಲಿತ್ತು. ಆದರೂ ಅವರ ಕೆಲಸ ಹೋಯಿತು. ಕೆಲವೇ ದಿನಗಳಲ್ಲಿ ಹೃದಯಾಘಾತವಾಯಿತು. ಅವರು ಇಎಸ್‌ಪಿಎನ್ ಮೇಲೆ ಮೊಕದ್ದಮೆ ಹೂಡಿದರು. ಎರಡು ವರ್ಷಗಳ ಮೇಲೆ ರಾಜಿಯಾಗಿ, ವಾಹಿನಿ ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡಿತು.

ಇಲ್ಲಿ ತಪ್ಪು ಯಾರದು? ಕೇಳಿಸಿಕೊಂಡವರದ್ದು ಎಂದು ನಾನು ಹೇಳಲಾರೆ. ತಲೆಮಾರುಗಳಿಂದ ವಾನರ ಅನ್ನಿಸಿಕೊಂಡ ಜನರ ಕಿವಿಗೆ ಆ ಶಬ್ದ ಹಾಗೆಯೇ ಕೇಳಿಸುತ್ತದೆ. ತಪ್ಪು, ವಿಚಾರಿಸದೆ ಶಿಕ್ಷೆ ಕೊಟ್ಟವರದ್ದು. ಒಂದು ವಾರ ಕೂರಿಸಿ, ಪ್ರಸಾರದ ಧ್ವನಿಯನ್ನು ಮತ್ತೆ ಕೇಳಿ, ಆ ಮನುಷ್ಯ ಮೊದಲು ಏನೇನು ಮಾತಾಡಿದ್ದಾನೆ ನೋಡಿ, ಆಮೇಲೆ ತೀರ್ಮಾನಿಸಿದ್ದರೆ ಏನು ಮುಳುಗುತ್ತಿತ್ತು? ಗದ್ದಲ ಜೋರಾದ ದಿನ ಒಬ್ಬನನ್ನು ತಳ್ಳಿಬಿಟ್ಟರೆ ಸಂಸ್ಥೆಯ ಹೆಸರು ಉಳಿಯುತ್ತದೆ ಎಂಬ ಲೆಕ್ಕ ಅದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಂಥದ್ದಕ್ಕೇ ಇರಬೇಕು.

ಹಾಗಾದರೆ ಶಿಕ್ಷಿಸುವ ಅಧಿಕಾರ ಯಾರ ಕೈಯಲ್ಲಿದೆ? ನಮ್ಮ ದೇಶದಲ್ಲಿ ನೋಡಿದರೆ ಮೂರು ಕಡೆ ಇದೆ. ಒಂದು ಕಾನೂನು. ಧರ್ಮ, ಜನಾಂಗ, ಭಾಷೆಗಳ ಹೆಸರಿನಲ್ಲಿ ದ್ವೇಷ ಹುಟ್ಟಿಸುವ ಮಾತು ಅಪರಾಧ. ಹಿಂದೆ ಐಪಿಸಿ 153ಎ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ. ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕವಾಗಿ ಜಾತಿ ಹಿಡಿದು ಬೈಯುವುದಕ್ಕೆ 1989ರ ದೌರ್ಜನ್ಯ ತಡೆ ಕಾಯ್ದೆ ಬೇರೆಯೇ ಇದೆ. 1995ರ ಕೇಬಲ್ ಟಿವಿ ಕಾಯ್ದೆಯ ಕೆಳಗೆ ಬರುವ ಕಾರ್ಯಕ್ರಮ ಸಂಹಿತೆಯೂ ಧರ್ಮ, ಸಮುದಾಯಗಳ ಮೇಲಿನ ದಾಳಿಯನ್ನು, ಅವನ್ನು ಹೀಯಾಳಿಸುವ ಮಾತನ್ನು ಪ್ರಸಾರ ಮಾಡಬಾರದು ಎನ್ನುತ್ತದೆ. ಎರಡನೆಯದು ವಾಹಿನಿ, ಅಂದರೆ ಸಂಬಳ ಕೊಡುವ ಯಜಮಾನ. ಮೂರನೆಯದು ಕ್ರಿಕೆಟ್ ಮಂಡಳಿ. ಭಾರತದ ಪಂದ್ಯಗಳಲ್ಲಿ ಕಾಮೆಂಟೇಟರ್‌ಗಳನ್ನು ಮಂಡಳಿಯೇ ಗೊತ್ತುಮಾಡಿದ ಉದಾಹರಣೆಗಳು ಬೇಕಾದಷ್ಟಿವೆ.

ಪೊಲೀಸ್ ಠಾಣೆಯ ದಾರಿಯನ್ನು ನಾನು ಕೊನೆಗೆ ಇಡುತ್ತೇನೆ. ಕಾರಣ ಸರಳ. ದ್ವೇಷ ಭಾಷಣದ ಕಾನೂನು ಬೇಕಂತಲೇ ಬೆಂಕಿ ಹಚ್ಚುವವರಿಗೆ ಇರುವುದು. ಕೆಟ್ಟ ತಮಾಷೆಗೆಲ್ಲ ಎಫ್‌ಐಆರ್ ಹಾಕುವ ರೂಢಿ ಬಿದ್ದರೆ ಅದರ ಮೊದಲ ಪೆಟ್ಟು ಯಾರಿಗೆ ಬೀಳುತ್ತದೆ ಎಂಬುದು ನಮಗೆ ಗೊತ್ತಿಲ್ಲದ ವಿಷಯವೇನಲ್ಲ. ಒಂದು ಕ್ರಿಕೆಟ್ ಪಂದ್ಯದಲ್ಲಿ ಯಾರಿಗೆ ಚಪ್ಪಾಳೆ ಹೊಡೆದರೆಂದು ಹುಡುಗರು ಜೈಲು ಕಂಡ ದೇಶ ನಮ್ಮದು.

ಮಂಡಳಿಯ ದಾರಿಯೂ ನನಗೆ ಅಷ್ಟೇ ಅನುಮಾನದ್ದು. 2016ರ ಐಪಿಎಲ್‌ಗೆ ಮೊದಲು ಹರ್ಷ ಭೋಗ್ಲೆ ಅವರನ್ನು ಕೈಬಿಡಲಾಯಿತು. ಯಾಕೆಂದು ತನಗೆ ಯಾರೂ ಹೇಳಿಲ್ಲ ಎಂದು ಅವರೇ ಬರೆದುಕೊಂಡರು. 2019ರ ವಿಶ್ವಕಪ್‌ನಲ್ಲಿ ಸಂಜಯ್ ಮಾಂಜ್ರೇಕರ್ ರವೀಂದ್ರ ಜಡೇಜಾ ಅವರನ್ನು ಎಲ್ಲದರಲ್ಲೂ ಚೂರುಪಾರು ಗೊತ್ತಿರುವ ಆಟಗಾರ ಎಂಬಂತೆ ಹೇಳಿದ್ದರು. 2020ರ ಮಾರ್ಚ್‌ನಲ್ಲಿ ಅವರೂ ಮಂಡಳಿಯ ಪಟ್ಟಿಯಿಂದ ಹೊರಗೆ. ಮಾಂಜ್ರೇಕರ್ ಹೇಳಿದ್ದು ಆಟದ ಬಗೆಗಿನ ಅಭಿಪ್ರಾಯ. ಅದು ತಪ್ಪಿರಬಹುದು, ಕಟುವಾಗಿರಬಹುದು, ಜಡೇಜಾಗೆ ಸಿಟ್ಟು ಬಂದದ್ದೂ ಸಹಜ. ಆದರೆ ಅದು ಯಾರ ಹುಟ್ಟು, ಮೈಬಣ್ಣ, ನಂಬಿಕೆಯ ಮೇಲಿನ ಮಾತಲ್ಲ. "ನೋವಾಯಿತು" ಎಂಬ ಒಂದೇ ಅಳತೆಗೋಲು ಇಟ್ಟುಕೊಂಡರೆ ಜೋನ್ಸ್ ಮತ್ತು ಮಾಂಜ್ರೇಕರ್ ಒಂದೇ ತಕ್ಕಡಿಯಲ್ಲಿ ಕೂರುತ್ತಾರೆ. ಆಮೇಲೆ ಕಾಮೆಂಟರಿಯಲ್ಲಿ ಉಳಿಯುವವರು ಹೊಗಳುಭಟರು ಮಾತ್ರ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇದು: ಆ ಮಾತು ಆಟಗಾರ ಮಾಡಿದ ಕೆಲಸದ ಬಗ್ಗೆ ಇದೆಯೋ, ಆತ ಯಾರು ಎಂಬುದರ ಬಗ್ಗೆ ಇದೆಯೋ? ಕ್ಯಾಚ್ ಬಿಟ್ಟ ಎನ್ನಿ, ಸೋಮಾರಿಯಂತೆ ಓಡಿದ ಎನ್ನಿ. ಗಡ್ಡ ನೋಡಿ ಭಯೋತ್ಪಾದಕ ಎನ್ನಬೇಡಿ.

ಕನ್ನಡಿಗರಾಗಿ ನಮಗೂ ಇದರ ರುಚಿ ಗೊತ್ತು. 2020ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಮತ್ತು ಬರೋಡಾ ನಡುವೆ ರಣಜಿ ಪಂದ್ಯ ನಡೆದಾಗ, ಹಿಂದಿ ಕಾಮೆಂಟರಿಯಲ್ಲಿ ಒಬ್ಬರು, ಪ್ರತಿಯೊಬ್ಬ ಭಾರತೀಯನಿಗೂ ಹಿಂದಿ ಬರಬೇಕು, ಅದು ನಮ್ಮ ಮಾತೃಭಾಷೆ ಎಂದುಬಿಟ್ಟರು. ಹೊರನಾಡಿನಲ್ಲಿದ್ದು ದಿನವೂ ಹಿಂದಿ, ಮರಾಠಿ, ತಮಿಳು ಆಡುತ್ತ ಕನ್ನಡ ಉಳಿಸಿಕೊಂಡ ನಮಗೆ ಅದು ಚುಚ್ಚಿತು. ಅದರಲ್ಲೂ ಮುಸ್ಲಿಂ ಮನೆಗಳಲ್ಲಿ ಬ್ಯಾರಿ, ನವಾಯತಿ, ದಖನಿ ಹೀಗೆ ಮನೆಮಾತು ಬೇರೆಯೇ ಇರುತ್ತದೆ. ಆ ಪಂಡಿತರ ಪ್ರಕಾರ ನಮ್ಮ ತಾಯಿ ಯಾವುದು ಎಂದು ನಾವೇ ಹುಡುಕಬೇಕಾಯಿತು! ಹೇಳಿದವರಿಗೆ ದ್ವೇಷವೇನೂ ಇರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಅಂಥದ್ದಕ್ಕೆ ಮನೆಗೆ ಕಳಿಸುವಷ್ಟು ಶಿಕ್ಷೆ ಬೇಡ, ಅದೇ ಪ್ರಸಾರದಲ್ಲಿ, ಅದೇ ಮೈಕ್‌ನಲ್ಲಿ ತಿದ್ದಿಕೊಂಡರೆ ಸಾಕು.

ಹಾಗೆ ತಿದ್ದಿಕೊಂಡ ಉದಾಹರಣೆಯೂ ಇದೆ. 2024ರ ಡಿಸೆಂಬರ್‌ನಲ್ಲಿ ಬ್ರಿಸ್ಬೇನ್ ಟೆಸ್ಟ್‌ನಲ್ಲಿ ಈಸಾ ಗುಹಾ ಅವರು ಜಸ್‌ಪ್ರೀತ್ ಬೂಮ್ರಾ ಅವರನ್ನು ಹೊಗಳುವ ಭರದಲ್ಲಿ "ಪ್ರೈಮೇಟ್" ಎಂಬ ಪದ ಬಳಸಿದರು. ಮಂಗ, ವಾನರ, ಮನುಷ್ಯ ಎಲ್ಲ ಸೇರಿದ ಪ್ರಾಣಿವರ್ಗದ ಹೆಸರದು. 2008ರ ಸಿಡ್ನಿ ಟೆಸ್ಟ್‌ನಲ್ಲಿ ಹರ್ಭಜನ್ ಸಿಂಗ್ ಮತ್ತು ಆ್ಯಂಡ್ರ್ಯೂ ಸೈಮಂಡ್ಸ್ ನಡುವೆ "ಮಂಗ" ಎಂಬ ಮಾತಿನ ಸುತ್ತಲೇ ದೊಡ್ಡ ರಂಪವಾದ ಮೇಲೆ, ಭಾರತ ಮತ್ತು ಆಸ್ಟ್ರೇಲಿಯಾ ಆಡುವಾಗ ಆ ಜಾತಿಯ ಪದಗಳೆಲ್ಲ ಸೂಕ್ಷ್ಮ. ಈಸಾ ಅವರ ತಂದೆತಾಯಿಯೂ ಬಂಗಾಳ ಮೂಲದವರು. ಮರುದಿನ ಆಟ ಶುರುವಾಗುವ ಮುನ್ನ ನೇರಪ್ರಸಾರದಲ್ಲೇ ಅವರು ಕ್ಷಮೆ ಕೇಳಿದರು. ಜತೆಗಿದ್ದ ರವಿ ಶಾಸ್ತ್ರಿ ಅವರ ಧೈರ್ಯವನ್ನು ಮೆಚ್ಚಿದರು. ವಿಷಯ ಅಲ್ಲಿಗೆ ಮುಗಿಯಿತು. 2025ರ ಮಾರ್ಚ್‌ನಲ್ಲಿ ಹೈದರಾಬಾದಿನ ಐಪಿಎಲ್ ಪಂದ್ಯದಲ್ಲಿ ಜೋಫ್ರಾ ಆರ್ಚರ್ 4 ಓವರ್‌ಗೆ 76 ರನ್ ಕೊಟ್ಟಾಗ, ಹಿಂದಿ ಕಾಮೆಂಟರಿಯಲ್ಲಿದ್ದ ಅದೇ ಹರ್ಭಜನ್, ಲಂಡನ್ನಿನ ಕಪ್ಪು ಟ್ಯಾಕ್ಸಿಯ ಮೀಟರ್‌ನಂತೆ ಆರ್ಚರ್ ಮೀಟರೂ ಓಡುತ್ತಿದೆ ಎಂದರು. ಲಂಡನ್ನಿನ ಟ್ಯಾಕ್ಸಿ ಕಪ್ಪು, ಸರಿ. ನಮ್ಮ ಮುಂಬಯಿಯ ಟ್ಯಾಕ್ಸಿಯೂ ಕಪ್ಪು-ಹಳದಿ. ಆದರೆ ಬಿಳಿ ಬೌಲರ್ ಹೊಡೆಸಿಕೊಂಡಿದ್ದರೆ ಆ ಟ್ಯಾಕ್ಸಿ ನೆನಪಾಗುತ್ತಿತ್ತೇ?

ಇಲ್ಲಿಯವರೆಗೆ ಬೇರೆಯವರ ಬಾಯಿಯ ಬಗ್ಗೆ ಹೇಳಿದೆ. ಈಗ ನಮ್ಮ ಬಾಯಿಗೆ ಬರೋಣ.

2019ರ ಜನವರಿಯಲ್ಲಿ ಡರ್ಬನ್‌ನಲ್ಲಿ ಒಂದು ದಿನದ ಪಂದ್ಯ. ಡರ್ಬನ್ ಆಮ್ಲಾ ಹುಟ್ಟಿದ ಊರು. ದಕ್ಷಿಣ ಆಫ್ರಿಕಾದ ಆಂಡಿಲೆ ಫೆಹ್ಲುಕ್ವಾಯೊ ಬ್ಯಾಟಿಂಗ್ ಮಾಡುತ್ತಿದ್ದಾಗ ವಿಕೆಟ್ ಹಿಂದೆ ನಿಂತಿದ್ದ ಪಾಕಿಸ್ತಾನದ ನಾಯಕ ಸರ್ಫರಾಜ್ ಅಹ್ಮದ್ ಉರ್ದುವಿನಲ್ಲಿ "ಕಾಲೇ" ಎಂದು ಕರೆದು, ಅವರ ತಾಯಿಯನ್ನೂ ಮಾತಿಗೆ ಎಳೆದರು. ಸ್ಟಂಪ್ ಮೈಕ್ ಎಲ್ಲವನ್ನೂ ಹಿಡಿಯಿತು. ಕಾಮೆಂಟರಿಯಲ್ಲಿದ್ದ ಮೈಕ್ ಹೇಸ್ಮನ್, ಅವರು ಏನು ಹೇಳಿದರು ಎಂದು ಪಕ್ಕದ ರಮೀಜ್ ರಾಜಾ ಅವರನ್ನು ಕೇಳಿದರು. ರಮೀಜ್ ನಕ್ಕು, ಅದನ್ನು ಅನುವಾದಿಸುವುದು ಕಷ್ಟ, ಉದ್ದದ ವಾಕ್ಯ ಎಂದು ಜಾರಿಕೊಂಡರು. ಸರ್ಫರಾಜ್ ಕ್ಷಮೆ ಕೇಳಿದರು, ಫೆಹ್ಲುಕ್ವಾಯೊ ಅವರನ್ನು ಭೇಟಿಯಾಗಿ ಕೈಕುಲುಕಿದರು. ಆದರೂ ಐಸಿಸಿ ನಾಲ್ಕು ಪಂದ್ಯಗಳ ನಿಷೇಧ ಹಾಕಿತು. ಹಾಕಬೇಕಾದ್ದೇ. ರಮೀಜ್ ನಗುವಿಗೆ ಯಾವ ನಿಯಮದಲ್ಲೂ ಶಿಕ್ಷೆಯಿಲ್ಲ. ಆದರೆ ನನಗೆ ಇಂದಿಗೂ ನೆನಪಿರುವುದು ಆ ನಗು. ಉರ್ದು ತಿಳಿದ ನಾವೆಲ್ಲ ಅವತ್ತು ಮನೆಯಲ್ಲಿ ಕುಳಿತು ಅದೇ ನಗು ನಕ್ಕಿರಬಹುದು.

ಮರುವರ್ಷ ವೆಸ್ಟ್ ಇಂಡೀಸ್‌ನ ಡ್ಯಾರೆನ್ ಸಾಮಿ ಒಂದು ವಿಷಯ ಹೊರಗೆ ಹಾಕಿದರು. ಹೈದರಾಬಾದ್ ಐಪಿಎಲ್ ತಂಡದಲ್ಲಿದ್ದಾಗ ತನ್ನನ್ನೂ ಶ್ರೀಲಂಕಾದ ತಿಸಾರ ಪೆರೇರಾ ಅವರನ್ನೂ "ಕಾಲು" ಎಂದು ಕರೆಯುತ್ತಿದ್ದರು, ಅದೇನೋ ಬಲಿಷ್ಠ ಕುದುರೆ ಎಂಬ ಅರ್ಥ ಇರಬೇಕೆಂದು ತಾನು ಭಾವಿಸಿದ್ದೆ ಎಂದರು. ನಿಜವಾದ ಅರ್ಥ ತಿಳಿದಾಗ ಸಿಟ್ಟು ಬಂತು. ಆಮೇಲೆ ಹಾಗೆ ಕರೆದವರಲ್ಲೊಬ್ಬರು ಮಾತಾಡಿ, ಅದು ಪ್ರೀತಿಯಿಂದ ಅಂದದ್ದೆಂದು ಹೇಳಿದರಂತೆ, ಸಾಮಿ ಒಪ್ಪಿಕೊಂಡರು. ಪ್ರೀತಿ ಇತ್ತು ಎಂದು ನಾನೂ ನಂಬುತ್ತೇನೆ. ನಮ್ಮ ಓಣಿಗಳಲ್ಲಿ ಕರಿಯ, ಕಾಲಾ, ಹಬ್ಶಿ, ಕುಂಟ, ಡುಮ್ಮ ಇಲ್ಲದ ತಂಡ ಯಾವುದಿದೆ ಹೇಳಿ. ಅಡ್ಡಹೆಸರಿಟ್ಟು ಹಂಗಿಸಬೇಡಿ ಎಂದು ಜುಮಾ ಪ್ರವಚನದಲ್ಲಿ ಕೇಳಿಸಿಕೊಂಡು, ಹೊರಗೆ ಬಂದು ಚಪ್ಪಲಿ ಹುಡುಕುವಾಗಲೇ "ಏ ಕಾಲೂ, ಬಾರೋ" ಎಂದು ಕರೆಯುವವರು ನಾವು.

ನನ್ನದೇ ಒಂದು ಕಥೆ ಇದೆ. ಮುಂಬಯಿಗೆ ಬಂದ ಹೊಸದರಲ್ಲಿ ಊರಿನವರು ನಡೆಸುವ ಓವರ್ ಆರ್ಮ್ ಟೂರ್ನಮೆಂಟಿಗೆ ನಾನು ಮೈಕ್ ಹಿಡಿಯುತ್ತಿದ್ದೆ. ಕನ್ನಡ, ಬ್ಯಾರಿ, ಹಿಂದಿ ಕಲಸಿ ಜನರನ್ನು ನಗಿಸುವುದರಲ್ಲಿ ನನಗೆ ಒಂದಿಷ್ಟು ಹೆಸರಿತ್ತು. ವೇಗವಾಗಿ ಬೌಲಿಂಗ್ ಮಾಡುವ ಒಬ್ಬ ಹುಡುಗನಿದ್ದ, ಮೈಬಣ್ಣ ಕಪ್ಪು. ಅವನು ಓಡಿ ಬಂದಾಗಲೆಲ್ಲ "ಬಂತು ನೋಡಿ ಕಲ್ಲಿದ್ದಲು ಎಕ್ಸ್‌ಪ್ರೆಸ್" ಎನ್ನುತ್ತಿದ್ದೆ. ಮೈದಾನವಿಡೀ ಹೋ ಎನ್ನುತ್ತಿತ್ತು. ಅವನೂ ನಗುತ್ತಿದ್ದ ಎಂದೇ ನನ್ನ ನೆನಪು. ಮುಂದಿನ ವರ್ಷ ಅವನು ಬರಲಿಲ್ಲ. ಎಲ್ಲಿ ಎಂದು ಅವನ ಅಣ್ಣನನ್ನು ಕೇಳಿದೆ. "ನೀವು ಮೈಕ್‌ನಲ್ಲಿರ್ತೀರಿ ಅಂತ ಗೊತ್ತಾಗಿ ಬರಲ್ಲ ಅಂದ, ಭಾಯ್" ಎಂದರು ಅವರು. ಬೈಯಲಿಲ್ಲ, ಅಷ್ಟೇ ಹೇಳಿ ಟೀ ಕುಡಿಯಲು ಹೋದರು. ನನಗೆ ಯಾವ ಶಿಕ್ಷೆಯೂ ಆಗಲಿಲ್ಲ. ಸಮಿತಿಯವರು ಆ ವರ್ಷವೂ ನನ್ನ ಕೈಗೇ ಮೈಕ್ ಕೊಟ್ಟರು, ಕೊನೆಗೆ ಶಾಲು ಹೊದಿಸಿದರು. ಡೀನ್ ಜೋನ್ಸ್ ಕೆಲಸ ಹೋದಾಗ ಸಂಭ್ರಮಿಸಿದ ಮನುಷ್ಯ ಇವನೇ.

ಆದ್ದರಿಂದ ಶಿಕ್ಷೆ ಬೇಡ ಎನ್ನುತ್ತೇನೆಂದು ತಿಳಿಯಬೇಡಿ. ಬೇಕು. ನನ್ನನ್ನು ಆ ವರ್ಷ ಮೈಕ್‌ನಿಂದ ಇಳಿಸಿದ್ದರೆ ಆ ಹುಡುಗ ಆಡುತ್ತಿದ್ದ. ಶಿಕ್ಷೆಯ ಲೆಕ್ಕ ಅಲ್ಲಿದೆ: ಮಾತಾಡುವವನ ಕೆಲಸ ಒಂದು ಕಡೆ, ಆ ಮಾತಿನಿಂದ ಮೈದಾನ ಬಿಡುವವನ ಆಟ ಇನ್ನೊಂದು ಕಡೆ. ಆದರೆ ಶಿಕ್ಷೆ ವಿಚಾರಿಸಿ ಕೊಟ್ಟದ್ದಾಗಿರಬೇಕು, ತಪ್ಪಿಗೆ ತಕ್ಕಷ್ಟಿರಬೇಕು, ಮತ್ತು ವಾಪಸ್ ಬರುವ ಬಾಗಿಲು ತೆರೆದಿರಬೇಕು.

ಜೋನ್ಸ್ ಆ ಬಾಗಿಲಿನಿಂದ ವಾಪಸ್ ಬಂದರು. 1986ರಲ್ಲಿ ಮದ್ರಾಸಿನ ಸುಡುಬಿಸಿಲಿನಲ್ಲಿ ವಾಂತಿ ಮಾಡಿಕೊಳ್ಳುತ್ತ 210 ರನ್ ಹೊಡೆದ, ಟೈ ಆದ ಆ ಟೆಸ್ಟ್‌ನ ವೀರ ಎಂದು ಚೆನ್ನೈನವರು ಅವರನ್ನು ಮೊದಲೇ ಬಲ್ಲರು. ಕೆಲಸ ಕಳೆದುಕೊಂಡ ಹತ್ತು ವರ್ಷಕ್ಕೆ ಅವರು ಪಾಕಿಸ್ತಾನ ಸೂಪರ್ ಲೀಗ್‌ನಲ್ಲಿ ಇಸ್ಲಾಮಾಬಾದ್ ತಂಡದ ಕೋಚ್ ಆದರು. 2016 ಮತ್ತು 2018ರಲ್ಲಿ ಆ ತಂಡ ಕಪ್ ಗೆದ್ದಿತು. ಗಡ್ಡ ಬಿಟ್ಟ ಹುಡುಗರ ನಡುವೆಯೇ ಅವರು ವರ್ಷಗಟ್ಟಲೆ ಕಳೆದರು. 2020ರಲ್ಲಿ ಕರಾಚಿ ತಂಡದ ಕೋಚ್ ಆಗಿದ್ದರು. ಅದೇ ವರ್ಷ ಸೆಪ್ಟೆಂಬರ್ 24ರಂದು ಐಪಿಎಲ್ ಕಾಮೆಂಟರಿಗೆಂದು ಬಂದಿದ್ದಾಗ ನಮ್ಮ ಈ ಮುಂಬಯಿಯ ಹೋಟೆಲಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಎರಡು ತಿಂಗಳೊಳಗೆ ಕರಾಚಿ ಕಪ್ ಗೆದ್ದು, ಆ ಗೆಲುವನ್ನು ಅವರಿಗೆ ಅರ್ಪಿಸಿತು. ಆಮ್ಲಾ ಅವರಂತೂ 2012ರಲ್ಲಿ ರಮಝಾನ್ ತಿಂಗಳಲ್ಲೇ ಲಂಡನ್ನಿನ ಓವಲ್‌ನಲ್ಲಿ ಔಟಾಗದೆ 311 ಹೊಡೆದರು. ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದ ಮೊದಲ ದಕ್ಷಿಣ ಆಫ್ರಿಕನ್ ಅವರೇ. ಪ್ರಯಾಣದಲ್ಲಿದ್ದುದರಿಂದ ಉಪವಾಸವನ್ನು ಆಮೇಲೆ ಪೂರೈಸುತ್ತೇನೆ ಎಂದಿದ್ದರು. ಆ ಹೊತ್ತಿಗೆ ಯಾವ ಕಾಮೆಂಟೇಟರ್‌ಗೂ ಅವರ ಗಡ್ಡದ ಬಗ್ಗೆ ಹಗುರವಾಗಿ ಮಾತಾಡುವ ಧೈರ್ಯ ಉಳಿದಿರಲಿಲ್ಲ. 2006ರ ಆ ಶಿಕ್ಷೆಗೂ ಇದರಲ್ಲಿ ಪಾಲಿದೆ ಎಂದೇ ನನ್ನ ಎಣಿಕೆ.

ಕೊನೆಗೆ ಒಂದು ಉಪಯೋಗದ ಮಾತು. ಈಗ ಐಪಿಎಲ್ ಕನ್ನಡದಲ್ಲೂ ಬರುತ್ತದೆ. ಊರ ಭಾಷೆಯಲ್ಲಿ ತಮಾಷೆ ಹೆಚ್ಚು, ಎಡವುವುದೂ ಹೆಚ್ಚು. ಅಂಥ ಮಾತು ಕಿವಿಗೆ ಬಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ ಕೂಗಾಡುವ ಮುನ್ನ ಒಂದು ಕಾಗದದ ಮೇಲೆ ವಾಹಿನಿಯ ಹೆಸರು, ದಿನಾಂಕ, ಗಂಟೆ, ನಿಮಿಷ, ಎಷ್ಟನೇ ಓವರ್, ನಿಮಗೆ ಕೇಳಿಸಿದ ಮಾತು, ಇಷ್ಟನ್ನು ಬರೆದುಕೊಳ್ಳಿ. ಕೇಳಿಸಿದ್ದನ್ನೇ ಬರೆಯಿರಿ, ಅನಿಸಿದ್ದನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಗೆರಿಲ್ಲಾ-ಗೊರಿಲ್ಲಾ ಗೊಂದಲ ಹುಟ್ಟುವುದು ಎರಡನ್ನೂ ಬೆರೆಸಿದಾಗ. 2021ರಲ್ಲಿ ತಿದ್ದಿದ ಕೇಬಲ್ ಟಿವಿ ನಿಯಮಗಳ ಪ್ರಕಾರ ದೂರು ಮೊದಲು ವಾಹಿನಿಗೇ ಹೋಗಬೇಕು, ಅವರು 15 ದಿನಗಳಲ್ಲಿ ತೀರ್ಮಾನ ತಿಳಿಸಬೇಕು. ಸಮಾಧಾನವಾಗದಿದ್ದರೆ ಮುಂದಿನ 15 ದಿನಗಳಲ್ಲಿ ವಾಹಿನಿಗಳದ್ದೇ ಸ್ವನಿಯಂತ್ರಣ ಸಂಸ್ಥೆಗೆ ಮೇಲ್ಮನವಿ, ಅದರ ಮೇಲೆ ಸರ್ಕಾರದ ಮಟ್ಟ. ಮೊಬೈಲ್‌ನಲ್ಲಿ ನೋಡುವ ಪ್ರಸಾರಕ್ಕೂ ಇಂಥದ್ದೇ ಮೂರು ಹಂತಗಳಿವೆ. ಮೈದಾನದ ಟೂರ್ನಮೆಂಟಿಗೆ ಇಂಥ ನಿಯಮ ಯಾವುದೂ ಇಲ್ಲ. ಅಲ್ಲಿ ನೀವೇ ಎದ್ದು ಹೋಗಿ ಮೈಕ್ ಹಿಡಿದವನ ಭುಜ ತಟ್ಟಬೇಕು. ಈ ಡಿಸೆಂಬರಿಗೆ ನಮ್ಮ ಟೂರ್ನಮೆಂಟ್ ಮತ್ತೆ ಇದೆ. ಮೈಕ್ ಈಗ ಇಪ್ಪತ್ತರ ಹುಡುಗನೊಬ್ಬನ ಕೈಯಲ್ಲಿದೆ, ಒಳ್ಳೆಯ ಮಾತುಗಾರ. ನಾನು ಮೈಕ್ ಪಕ್ಕದ ಕುರ್ಚಿಯಲ್ಲೇ ಕೂರುತ್ತೇನೆ ಎಂದು ಅವನಿಗೆ ಹೇಳಿಟ್ಟಿದ್ದೇನೆ.